ನಿಡಗಲ್ಲಿನ ಕೊನೇ ಕನ್ನಡಿ

ಶಿರಾದ ಕೋಟೆಯಲ್ಲಿ ಸುಬೇದಾರರು ಕೆಮ್ಮಿದರೆ
ಮಧುಗಿರಿಯ ನೆತ್ತಿಯ ಕನ್ನಡಿ ಮಿಡಿಗೇಶಿಗೆ ಹೇಳುತ್ತದೆ,
ಮಿಡಿಗೇಶಿ ನಿಡಗಲ್ಲಿಗೆ.
ನಿಡಗಲ್ಲು ಯಾರಿಗೂ ಹೇಳುವುದಿಲ್ಲ.
ಇಲ್ಲಿಂದಾಚೆ ಕೇಳುವ ಬೆಟ್ಟವಿಲ್ಲ.

ನಾನು ಚಿತ್ತಮ್ಮ, ಇಲ್ಲಿಯ ಕನ್ನಡಿ ಕಾಯುವವಳು.
ನನಗಿಂತ ಮುಂಚೆ ಅಪ್ಪ, ಅಪ್ಪನಿಗಿಂತ ಮುಂಚೆ ಅವನ ಸೋದರತ್ತೆ.
ಆಳೆತ್ತರದ ಕಂಚಿನ ತಟ್ಟೆ, ಹುಣಸೆಹುಳಿ, ಒಲೆಯ ಬೂದಿ,
ವಾರಕ್ಕೊಮ್ಮೆ ತಿಕ್ಕಿ ತಿಕ್ಕಿ ಸವೆದ ಮೊಣಕೈ.
ಮೂರು ಮಿನುಗಿಗೆ ಕಳ್ಳರು, ಐದಕ್ಕೆ ಕರಡಿ, ಏಳಕ್ಕೆ ಮಳೆ.
ಮಳೆ ಬಂದಾಗ ಬಿಸಿಲಿಲ್ಲ, ಬಿಸಿಲಿಲ್ಲದೆ ಮಿನುಗಿಲ್ಲ.
ಅದಕ್ಕೇ ಶಿರಾದ ದಫ್ತರಿನಲ್ಲಿ
ಈ ಸೀಮೆಗೆ ಮಳೆಯೇ ಬಂದಿಲ್ಲ, ನೂರ ಹತ್ತು ವರ್ಷದಿಂದ.

ಈ ಸಲ ದಸ್ತಗೀರ್ ಗುಮಾಸ್ತರು ಬಂದರು, ಕತ್ತೆಯ ಮೇಲೆ,
ಒಲೆಗಣತಿಯ ಕಡತ ಎದೆಗವಚಿ.
ನೂರು ಒಲೆಗೊಂದು ಕನ್ನಡಿ, ಕಾನೂನು.
ಒಂದು ಕಮ್ಮಿಯಾದರೂ ತಟ್ಟೆ ಇಳಿಸಿ ಕರಗಿಸಿ
ಸೀಮೆಯ ಹೆಸರನ್ನು ಪಟದಿಂದ ಒರೆಸಿ
ಅಲ್ಲೊಂದು ಹುಲಿಯ ಚಿತ್ರ ಬರೆಯುತ್ತಾರಂತೆ.
"ಇಲ್ಲಿ ಹುಲಿ ಇಲ್ಲವಲ್ಲ ಸ್ವಾಮಿ, ಇರುವುದು ಕರಡಿ" ಅಂದೆ.
"ಬರೆಯುವವನಿಗೆ ಕರಡಿ ಬರೋದಿಲ್ಲ" ಅಂದರು.

ಎಣಿಸಿದೆವು.
ಗೊಲ್ಲರಹಟ್ಟಿಯಲ್ಲಿ ಹನ್ನೊಂದು. ಕೆರೆಯ ಹಿಂದೆ ನಾಲ್ಕು.
ಕ್ಯಾತಮ್ಮನದು ಒಂದೇ ಮನೆ, ಮೂರು ಒಲೆ;
ಸೊಸೆಯಂದಿರು ಮಾತು ಬಿಟ್ಟಿದ್ದಾರೆ, ದೇವರು ದೊಡ್ಡವನು.
ಈರಗ್ಯಾತಪ್ಪ ಕುರಿ ನಿಂತಲ್ಲಿ ಮೂರು ಕಲ್ಲು ಹೂಡುತ್ತಾನೆ,
ನಿನ್ನೆ ಇದ್ದ ಒಲೆ ಇವತ್ತು ಬರೀ ಮಸಿ.
ಗುಮಾಸ್ತರು ತಲೆ ಕೆರೆದು ಅವನಿಗೆ ಅರ್ಧ ಬರೆದರು.
ಎರಡು ದಿನ, ಒಂದು ಜೊತೆ ಎಕ್ಕಡ, ಕತ್ತೆಯ ಒಂದು ಲಾಳ.
ಎಲ್ಲ ಕೂಡಿ ಅರವತ್ತೊಂದೂವರೆ.

"ತಾಯಿ, ಮೂವತ್ತೆಂಟೂವರೆ ಒಲೆ ಎಲ್ಲಿಂದ ತರಲಿ?"

ನಸುಕಿಗೇ ಗುಡ್ಡ ಹತ್ತಿಸಿದೆ.
ಹಟ್ಟಿಯ ಮೇಲೆ ಹನ್ನೊಂದು ಹೊಗೆಯ ಎಳೆ ಎದ್ದವು,
ಕ್ಯಾತಮ್ಮನ ಮೂರು ಮುಖ ತಿರುಗಿಸಿಕೊಂಡೇ ಎದ್ದವು.
ಆಮೇಲೆ ಬಂಡೆ ಬಂಡೆಯ ನಡುವೆ, ಜಾಲಿಯ ಮರೆಯಲ್ಲಿ,
ಯಾರೂ ಹೆಜ್ಜೆ ಇಡದ ಹಳ್ಳದ ಮಗ್ಗುಲಿಗೆ
ಹೊಗೆ. ಇನ್ನೂ ಹೊಗೆ. ಸೊಪ್ಪಿನ ಸಾರಿನ ವಾಸನೆ.
ಗುಮಾಸ್ತರ ಬೆರಳು ಗಾಳಿಯಲ್ಲೇ ನಿಂತಿತು.
"ಯಾರವರು?"
"ಇಲ್ಲಿ ಇರಬೇಕಾಗಿದ್ದವರು.
ಬರಲಿಲ್ಲ, ಅಷ್ಟೆ."

ಹೊತ್ತು ನೆತ್ತಿಗೆ ಬಂದಾಗ ತಟ್ಟೆಯನ್ನು ಮೂಡಲಿಗೆ ತಿರುಗಿಸಿದೆ.
ಅಪ್ಪ ನನಗೆ ತೋರಿಸಿದ್ದು, ನಾನು ಯಾರಿಗೂ ತೋರಿಸದ್ದು.
ಕಂಚಿನೊಳಗೆ ಇದೇ ಬಯಲು, ಇದೇ ಬೆಟ್ಟದ ಬೆನ್ನು,
ಆದರೆ ಊರಿಗೆ ಊರು ತಗುಲಿದೆ, ಕರಿ ರಸ್ತೆ ಹರಿದಿದೆ,
ಬಯಲ ತುಂಬ ಕನ್ನಡಿಗಳು.
ಕರಿನೀಲಿ, ಸಾಲು ಸಾಲು, ಕೂರಿಗೆಯಲ್ಲಿ ಬಿತ್ತಿದ ಹಾಗೆ,
ಎಲ್ಲವೂ ಒಂದೇ ಕಡೆ ಮುಖ ಮಾಡಿ
ಬಿಸಿಲು ಕುಡಿಯುತ್ತ,
ಒಂದೂ ಇನ್ನೊಂದಕ್ಕೆ ಮಿನುಗದೆ.

"ಇಷ್ಟೊಂದು ಕನ್ನಡಿ! ಏನು ಸುದ್ದಿಯೋ ಅವರಿಗೆ" ಅಂದರು ಗುಮಾಸ್ತರು.

ನನಗೆ ಗೊತ್ತಿಲ್ಲ.
ಮೂರು ಮಿನುಗಿ ನೋಡಿದ್ದೇನೆ, ಐದು, ಕೊನೆಗೆ ಏಳು.
ಒಬ್ಬಳೇ ಒಬ್ಬಳು, ಒರೆಸುವ ಬಟ್ಟೆ ಹಿಡಿದವಳು,
ಒಂದು ಮಧ್ಯಾಹ್ನ ತಲೆ ಎತ್ತಿ
ಕಣ್ಣಿಗೆ ಕೈ ಅಡ್ಡ ಹಿಡಿದಳು.
ಸವೆದ ಮೊಣಕೈ. ನನ್ನದೇ.

ಗುಮಾಸ್ತರು ಬಹಳ ಹೊತ್ತು ಕೂತರು.
ಕಡತ ಬಿಚ್ಚಿ ಲೆಕ್ಕಣಿಕೆ ಅದ್ದಿ
ನೂರ ಒಂದೂವರೆ ಅಂತ ಬರೆದರು.
ಅರ್ಧವನ್ನು ಹಾಗೇ ಬಿಟ್ಟರು, ಲೆಕ್ಕ ನಿಜದಂತೆ ಕಾಣಲಿ ಅಂತ.

ಮಿಡಿಗೇಶಿಗೆ ಕಳಿಸಿದೆ.
ಅಲ್ಲಿಂದ ಒಂದು ಉದ್ದ ಮಿನುಗು ಬಂತು: ನಿಜವೇ?
ಅಷ್ಟರಲ್ಲಿ ಮೋಡ ಕವಿದು
ಕಂಚಿನ ಮೇಲೆ ದಪ್ಪ ಹನಿ ಬಿತ್ತು.